ಅಪ್ಪನ ಪಿತ್ತನಾಳದ ಕ್ಯಾನ್ಸರ್: ‘ಗಡ್ಡೆಯ ಸುತ್ತಲಿನ ಪರಿಸರ’ ಎಂದರೇನು, ಜೀನ್ ಪರೀಕ್ಷೆ ಏಕೆ ಬೇಕು?

ನಾಪೋಕ್ಲಿನ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ಅಪ್ಪನಿಗೆ ಅರವತ್ತೊಂದು ವರ್ಷ. ನಾಪೋಕ್ಲಿನ ಬಳಿ ಕಾಫಿ ಮತ್ತು ಕರಿಮೆಣಸಿನ ತೋಟ ನೋಡಿಕೊಂಡಿದ್ದಾರೆ. ಕುಡಿತದ ಅಭ್ಯಾಸವಿಲ್ಲ, ಸಕ್ಕರೆ ಕಾಯಿಲೆ ಇದೆ. ಈ ವರ್ಷ ನಮ್ಮ ಕೊಡಗಿನ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ರಂದು, ಎಲ್ಲರ ಮನೆಯಂತೆ ನಮ್ಮಲ್ಲಿಯೂ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು. ಅದನ್ನು ತಿಂದವರ ಮೂತ್ರ ಒಂದೆರಡು ದಿನ ಕೆಂಪಗಾಗುವುದು ಇಲ್ಲಿನವರಿಗೆಲ್ಲ ಗೊತ್ತಿರುವ ವಿಷಯವಾದ್ದರಿಂದ, ಮೂತ್ರದ ಬಣ್ಣ ಗಾಢವಾಗಿದೆ ಎಂದು ಅಪ್ಪ ಹೇಳಿದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹತ್ತು ದಿನ ಕಳೆದರೂ ಬಣ್ಣ ತಿಳಿಯಾಗಲಿಲ್ಲ. ಆ ಹೊತ್ತಿಗೆ ಮಲ ಬಿಳಿಚಿಕೊಂಡು ಜೇಡಿಮಣ್ಣಿನಂತಾಗಿತ್ತು, ರಾತ್ರಿಯಿಡೀ ಮೈ ತುರಿಕೆ, ಕಣ್ಣು ಹಳದಿ. ಕಾಮಾಲೆ ಎಂದುಕೊಂಡು ನೆಲನೆಲ್ಲಿಯ ರಸ ಕುಡಿಸಿದೆವು. ಎರಡು ವಾರ ಅದರಲ್ಲಿಯೇ ಹೋಯಿತು.

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನ ಎಡಭಾಗದಲ್ಲಿ ಗಡ್ಡೆಯಿದ್ದು, ಅದು ಪಿತ್ತನಾಳಗಳು ಕೂಡುವ ಜಾಗದವರೆಗೆ ಚಾಚಿಕೊಂಡಿದೆ ಎಂದು ತಿಳಿಯಿತು. ನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಹದಿನಾಲ್ಕು ಇದ್ದ ಬಿಲಿರುಬಿನ್ (ಕಾಮಾಲೆಯ ಮಟ್ಟ ತೋರಿಸುವ ರಕ್ತಪರೀಕ್ಷೆ) ಈಗ ಎರಡಕ್ಕೆ ಇಳಿದಿದೆ. ಬಯಾಪ್ಸಿಯ ವರದಿಯಲ್ಲಿ ಇಂಟ್ರಾಹೆಪಾಟಿಕ್ ಕೊಲಾಂಜಿಯೋಕಾರ್ಸಿನೋಮ, ಅಂದರೆ ಯಕೃತ್ತಿನ ಒಳಗಿನ ಪಿತ್ತನಾಳದ ಕ್ಯಾನ್ಸರ್, ಎಂದು ಬರೆದಿದೆ. ಪಕ್ಕದ ದುಗ್ಧಗ್ರಂಥಿಗಳಿಗೂ ಹರಡಿರುವುದರಿಂದ ಶಸ್ತ್ರಚಿಕಿತ್ಸೆ ಆಗುವುದಿಲ್ಲವಂತೆ. ಕ್ಯಾನ್ಸರ್ ವೈದ್ಯರು ಮಾತಿನ ನಡುವೆ ‘ಟ್ಯೂಮರ್ ಮೈಕ್ರೋಎನ್ವಿರಾನ್ಮೆಂಟ್’ ಎಂಬ ಪದ ಬಳಸಿದರು, ಕ್ಯಾನ್ಸರಿನ ನಿರ್ದಿಷ್ಟ ದೋಷಕ್ಕೇ ಗುರಿಯಿಡುವ ಟಾರ್ಗೆಟೆಡ್ ಚಿಕಿತ್ಸೆ ಸಾಧ್ಯವೇ ಎಂದು ನೋಡಲು ಜೀನ್ ಪರೀಕ್ಷೆ ಬೇಕು ಎಂದರು. ಆದರೆ ಮೊದಲ ಬಯಾಪ್ಸಿಯಲ್ಲಿ ತೆಗೆದ ಚೂರು ಆ ಪರೀಕ್ಷೆಗೆ ಸಾಲದು ಎಂಬುದು ನಮಗೆ ತಿಳಿದದ್ದು ಮೂರು ವಾರಗಳ ನಂತರ, ಅದೂ ನಾವಾಗಿಯೇ ಫೋನ್ ಮಾಡಿ ಕೇಳಿದಾಗ. ಈಗ ಮತ್ತೊಮ್ಮೆ ಬಯಾಪ್ಸಿ ಮಾಡಿಸಬೇಕೆ? ಗಡ್ಡೆಯ ಸುತ್ತಲಿನ ಪರಿಸರಕ್ಕೂ ಅಪ್ಪನಿಗೆ ಕೊಡುವ ಮದ್ದಿಗೂ ಏನು ಸಂಬಂಧ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಡಿಕೇರಿಯ ನಿವೃತ್ತ ಪೆಥಾಲಜಿಸ್ಟ್

ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಬರೆಯುತ್ತೇನಮ್ಮ. ನಿಮ್ಮ ಅಪ್ಪನ ಚಿಕಿತ್ಸೆಯ ತೀರ್ಮಾನ ಅವರನ್ನು ನೋಡುತ್ತಿರುವ ವೈದ್ಯರದ್ದೇ ಆಗಿರಲಿ. ಅವರ ಮಾತು ನಿಮಗೆ ಅರ್ಥವಾಗುವಂತೆ ಮಾಡುವುದಷ್ಟೇ ನನ್ನ ಕೆಲಸ.

ಯಕೃತ್ತಿನಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಎರಡು ಮುಖ್ಯವಾದವು. ಯಕೃತ್ತಿನ ಸ್ವಂತ ಜೀವಕೋಶಗಳಿಂದ ಹುಟ್ಟುವುದು ಹೆಪಾಟೋಸೆಲ್ಯುಲರ್ ಕಾರ್ಸಿನೋಮ. ಹೆಚ್ಚಿನ ಸಂದರ್ಭಗಳಲ್ಲಿ ಅದು ಹೆಪಟೈಟಿಸ್ ಬಿ ಅಥವಾ ಸಿ, ಮದ್ಯ, ಕೊಬ್ಬಿನ ಯಕೃತ್ತು ಇವುಗಳಿಂದ ವರ್ಷಗಟ್ಟಲೆ ಗಾಯಗೊಂಡು ನಾರುಗಟ್ಟಿದ, ಅಂದರೆ ಸಿರೋಸಿಸ್ ಆಗಿರುವ, ಯಕೃತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಪಿತ್ತರಸ ಸಾಗಿಸುವ ನಾಳಗಳ ಒಳಪದರದಿಂದ ಹುಟ್ಟುವುದು ಕೊಲಾಂಜಿಯೋಕಾರ್ಸಿನೋಮ, ಅಂದರೆ ನಿಮ್ಮ ಅಪ್ಪನಿಗೆ ಬಂದಿರುವುದು. ಎರಡೂ ಒಂದೇ ಅಂಗದಲ್ಲಿ ಇದ್ದರೂ ಮದ್ದು ಬೇರೆ, ಸ್ವಭಾವ ಬೇರೆ. ಆದ್ದರಿಂದ ‘ಲಿವರ್ ಕ್ಯಾನ್ಸರಿಗೆ ಹೊಸ ಮಾತ್ರೆ ಬಂದಿದೆ’ ಎಂಬ ಸುದ್ದಿ ಯಾರಾದರೂ ಕಳುಹಿಸಿದರೆ, ಯಾವ ಕ್ಯಾನ್ಸರಿಗೆ ಎಂದು ಮೊದಲು ಕೇಳಿ.

ನಾನು ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತವಳು. ಪಿತ್ತನಾಳದ ಕ್ಯಾನ್ಸರಿನ ಸ್ಲೈಡನ್ನು ಮೊದಲ ಬಾರಿಗೆ ನೋಡುವ ವಿದ್ಯಾರ್ಥಿಗಳು ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕುತ್ತಾರೆ. ಕಣ್ಣಿಗೆ ಬೀಳುವುದೆಲ್ಲ ಗುಲಾಬಿ ಬಣ್ಣದ ನಾರಿನ ಪಟ್ಟಿಗಳು. ಅವುಗಳ ಮಧ್ಯೆ ಅಲ್ಲೊಂದು ಇಲ್ಲೊಂದು, ನೇರಳೆ ಬಣ್ಣದ ಕೋಶಕೇಂದ್ರಗಳಿರುವ ಸಣ್ಣ ವಕ್ರ ನಳಿಕೆಗಳು. ಆ ನಳಿಕೆಗಳೇ ಕ್ಯಾನ್ಸರ್. ಉಳಿದದ್ದೆಲ್ಲ ಅದು ತನಗಾಗಿ ಕಟ್ಟಿಸಿಕೊಂಡದ್ದು: ನಾರನ್ನು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು, ಕೊಲಾಜನ್, ಸೊಟ್ಟಸೊಟ್ಟಾದ ರಕ್ತನಾಳಗಳು, ಕ್ಯಾನ್ಸರಿನ ಪರವಾಗಿ ಕೆಲಸ ಮಾಡಲು ತೊಡಗಿದ ಮ್ಯಾಕ್ರೋಫೇಜುಗಳೆಂಬ ಕಾವಲು ಕೋಶಗಳು, ಕ್ಯಾನ್ಸರನ್ನು ಕೊಲ್ಲಬಲ್ಲವಾದರೂ ಅಂಚಿನಲ್ಲಿಯೇ ತಡೆದು ನಿಲ್ಲಿಸಲ್ಪಟ್ಟ ಟಿ ಕೋಶಗಳು. ಇವೆಲ್ಲ ಸೇರಿದ್ದನ್ನೇ ವೈದ್ಯರು ಗಡ್ಡೆಯ ಸೂಕ್ಷ್ಮ ಪರಿಸರ ಎನ್ನುವುದು. ನಿಮ್ಮ ಅಪ್ಪನ ಮೊದಲ ಬಯಾಪ್ಸಿ ಸಾಲದೆ ಹೋದದ್ದಕ್ಕೂ ಇದೇ ಕಾರಣವಿರಬಹುದು. ಸೂಜಿಯಲ್ಲಿ ಬಂದ ಎಳೆಯ ಬಹುಭಾಗ ನಾರಾಗಿದ್ದರೆ, ಕ್ಯಾನ್ಸರ್ ಇದೆ ಎಂದು ಹೇಳಲು ಅದು ಸಾಕಾಗುತ್ತದೆ, ಆದರೆ ಡಿಎನ್ಎ ತೆಗೆದು ಜೀನ್ ಓದಲು ಬೇಕಾದಷ್ಟು ಕ್ಯಾನ್ಸರ್ ಕೋಶಗಳು ಅದರಲ್ಲಿ ಇರುವುದಿಲ್ಲ.

ಪೊನ್ನಂಪೇಟೆಯ ಜೀವಶಾಸ್ತ್ರ ಶಿಕ್ಷಕ

ಡಾಕ್ಟರಮ್ಮ ಹೇಳಿದ ಮಾತಿಗೆ ಒಂದು ಹಿನ್ನೆಲೆಯನ್ನು ಸೇರಿಸುತ್ತೇನೆ. 1889ರಲ್ಲಿ ಸ್ಟೀಫನ್ ಪೇಜೆಟ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದರು. ಕ್ಯಾನ್ಸರ್ ರಕ್ತದ ಜೊತೆ ಎಲ್ಲೆಡೆಗೂ ಹೋಗುತ್ತಿದ್ದರೂ ಕೆಲವು ಅಂಗಗಳಲ್ಲಿ ಮಾತ್ರ, ಅದರಲ್ಲಿಯೂ ಯಕೃತ್ತಿನಲ್ಲಿ, ಮತ್ತೆ ಮತ್ತೆ ಬೇರೂರುವುದನ್ನು ಅವರು ಗಮನಿಸಿದರು. ಬೀಜ ಎಲ್ಲಿ ಬಿದ್ದರೂ ಹದವಾದ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವರ ವಾದವಾಗಿತ್ತು.

ಯಕೃತ್ತು ಏಕೆ ಅಷ್ಟು ಹದವಾದ ಮಣ್ಣು ಎಂಬುದಕ್ಕೆ ಉತ್ತರ ಅದರ ದಿನನಿತ್ಯದ ಕೆಲಸದಲ್ಲಿಯೇ ಇದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ. ನಾವು ಉಂಡ ಅನ್ನದ ಅಂಶ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಗಳು, ಹೀಗೆ ದೇಹಕ್ಕೆ ಪರಕೀಯವಾದ ಸಾವಿರಾರು ವಸ್ತುಗಳು ದಿನವೂ ಅಲ್ಲಿಗೆ ಬರುತ್ತವೆ. ಪ್ರತಿಯೊಂದರ ಮೇಲೂ ರೋಗನಿರೋಧಕ ವ್ಯವಸ್ಥೆ ಯುದ್ಧ ಸಾರಿದರೆ ಯಕೃತ್ತು ಸದಾ ಉರಿಯುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಅಲ್ಲಿನ ಕಾವಲು ಕೋಶಗಳು ಸಹನೆಯನ್ನು ರೂಢಿಸಿಕೊಂಡಿರುತ್ತವೆ. ಬದುಕಲು ಅಗತ್ಯವಾದ ಆ ಸಹನೆಯ ನೆರಳಿನಲ್ಲಿಯೇ ಕ್ಯಾನ್ಸರ್ ಕೂಡ ಅಡಗಿಕೊಳ್ಳುತ್ತದೆ.

ಸೋಮವಾರಪೇಟೆಯ ಬೆಳೆಗಾರ

ಮೇಷ್ಟ್ರೇ, ಮಣ್ಣಿನ ಮಾತು ಬಂದದ್ದರಿಂದ ಕೇಳುತ್ತೇನೆ. ಕರಿಮೆಣಸಿನ ಬಳ್ಳಿಗೆ ಶೀಘ್ರ ಸೊರಗು ರೋಗ ಬಂದಾಗ ನಾವು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಆದರೆ ಬುಡದಲ್ಲಿ ಮಳೆನೀರು ನಿಲ್ಲುತ್ತಿದ್ದರೆ ಎಷ್ಟು ಹೊಡೆದರೂ ಬಳ್ಳಿ ಉಳಿಯುವುದಿಲ್ಲ. ಕಾಲುವೆ ತೆಗೆದು ನೀರು ಬಸಿಯುವಂತೆ ಮಾಡಬೇಕು, ನೆರಳು ತೆಳುವು ಮಾಡಿ ಗಾಳಿ ಆಡುವಂತೆ ಮಾಡಬೇಕು. ಹಾಗಾದರೆ ಗಡ್ಡೆಯ ಸುತ್ತ ಇರುವ ಆ ನಾರಿನ ಗೋಡೆಯನ್ನು ಮೊದಲು ಒಡೆದು ಹಾಕಿದರೆ ಮದ್ದು ಒಳಗೆ ಹೋಗುವುದಿಲ್ಲವೇ? ವೈದ್ಯರು ಅದನ್ನೇಕೆ ಮಾಡುವುದಿಲ್ಲ?

ಮಡಿಕೇರಿಯ ನಿವೃತ್ತ ಪೆಥಾಲಜಿಸ್ಟ್

ಇದು ವಿಜ್ಞಾನಿಗಳೂ ಕೇಳಿಕೊಂಡ ಪ್ರಶ್ನೆ. ನಿಮ್ಮ ಹೋಲಿಕೆ ಬಹಳ ದೂರದವರೆಗೆ ಸರಿಯಾಗಿ ಸಾಗುತ್ತದೆ, ಒಂದು ಕಡೆ ಮಾತ್ರ ನಿಲ್ಲುತ್ತದೆ, ಆ ನಿಲ್ಲುವ ಜಾಗವೇ ಮುಖ್ಯ. ಪಿತ್ತನಾಳದ ಕ್ಯಾನ್ಸರಿನಷ್ಟೇ ನಾರು ತುಂಬಿರುವ ಇನ್ನೊಂದು ಕ್ಯಾನ್ಸರ್ ಮೇದೋಜೀರಕ ಗ್ರಂಥಿಯದು. ಅಲ್ಲಿ ನಾರು ನೇಯುವ ಕೋಶಗಳನ್ನು ಇಲಿಗಳಲ್ಲಿ ತೆಗೆದುಹಾಕಿ ನೋಡಿದಾಗ, ಗಡ್ಡೆ ಕರಗುವ ಬದಲು ಇನ್ನಷ್ಟು ಉಗ್ರವಾಗಿ ಹರಡಿತೆಂದು 2014ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ನಾರಿನ ಒಂದು ಭಾಗ ಕ್ಯಾನ್ಸರನ್ನು ಪೋಷಿಸುತ್ತಿದ್ದರೆ ಇನ್ನೊಂದು ಭಾಗ ಅದನ್ನು ಬೇಲಿಯಂತೆ ತಡೆದೂ ಇರುತ್ತದೆ. ಎಲ್ಲ ಫೈಬ್ರೋಬ್ಲಾಸ್ಟುಗಳೂ ಶತ್ರುಗಳಲ್ಲ. ಆದ್ದರಿಂದ ಗೋಡೆಯನ್ನು ಒಡೆಯುವುದಕ್ಕಿಂತ, ಕ್ಯಾನ್ಸರಿಗೂ ಅದರ ನೆರೆಹೊರೆಗೂ ನಡುವೆ ನಡೆಯುವ ಮಾತುಕತೆಯನ್ನು ಕಡಿಯುವುದು ಈಗಿನ ದಾರಿ.

ಅದು ಫಲಿಸಿದ ಉದಾಹರಣೆ ಹೆಪಾಟೋಸೆಲ್ಯುಲರ್ ಕ್ಯಾನ್ಸರಿನಲ್ಲಿದೆ. ಆ ಗಡ್ಡೆ ವಿಇಜಿಎಫ್ ಎಂಬ ಸಂಕೇತವನ್ನು ಸುರಿಸಿ ತನಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಹಾಗೆ ಅವಸರದಲ್ಲಿ ಬೆಳೆದ ನಾಳಗಳು ಸೋರುತ್ತವೆ, ಅವುಗಳ ಗೋಡೆ ದಾಟಿ ಟಿ ಕೋಶಗಳು ಒಳಗೆ ಬರಲಾರವು. ಅದೇ ವಿಇಜಿಎಫ್ ರೋಗನಿರೋಧಕ ಕೋಶಗಳನ್ನು ನೇರವಾಗಿಯೂ ಮಂಕು ಮಾಡುತ್ತದೆ. ಇನ್ನೊಂದೆಡೆ ಗಡ್ಡೆಯ ಕೋಶಗಳೂ ಸುತ್ತಲಿನ ಮ್ಯಾಕ್ರೋಫೇಜುಗಳೂ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಚಾಚಿ, ಒಳಗೆ ಬಂದ ಟಿ ಕೋಶದ ಬ್ರೇಕನ್ನು ಒತ್ತುತ್ತವೆ. ಇಂಥ ಬ್ರೇಕುಗಳನ್ನು ಸಡಿಲಿಸಿ ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ದಾರಿಯನ್ನು ಕಂಡುಕೊಟ್ಟದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದಿತು. ಬೆವಾಸಿಜುಮ್ಯಾಬ್ ಮದ್ದು ವಿಇಜಿಎಫನ್ನು ಹಿಡಿಯುತ್ತದೆ, ಅಟೆಜೋಲಿಜುಮ್ಯಾಬ್ ಬ್ರೇಕನ್ನು ಸಡಿಲಿಸುತ್ತದೆ. ಎರಡನ್ನೂ ಕೂಡಿಸಿ ಕೊಟ್ಟ ಪ್ರಯೋಗದ ಮೊದಲ ಫಲಿತಾಂಶ 2020ರಲ್ಲಿ ಬಂತು. ಆಮೇಲೆ ಬಂದ ಲೆಕ್ಕದಂತೆ, ಮುಂದುವರಿದ ರೋಗವಿದ್ದವರಲ್ಲಿ ಸರಾಸರಿ ಆಯುಷ್ಯ, ಹೆಚ್ಚು ಸರಿಯಾಗಿ ಹೇಳುವುದಾದರೆ ಮಧ್ಯಾಂಕ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ), ಸೊರಾಫೆನಿಬ್ ಎಂಬ ಹಳೆಯ ಮಾತ್ರೆ ಪಡೆದವರಲ್ಲಿ 13.4 ತಿಂಗಳಿದ್ದರೆ ಈ ಜೋಡಿಮದ್ದು ಪಡೆದವರಲ್ಲಿ 19.2 ತಿಂಗಳಾಗಿತ್ತು. ಸುತ್ತಲಿನ ಪರಿಸರವನ್ನು ಬದಲಿಸುವುದರಿಂದ ರೋಗಿಗೆ ಲಾಭವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಕುಶಾಲನಗರದ ಗೃಹಿಣಿ

ಡಾಕ್ಟರಮ್ಮ ಬರೆದ ಅದೇ ಎರಡು ಮದ್ದುಗಳನ್ನು ನನ್ನ ಯಜಮಾನರಿಗೆ ಮೂರು ವಾರಕ್ಕೊಮ್ಮೆ ಕೊಡುತ್ತಿದ್ದಾರೆ. ಅವರಿಗೆ ಹೆಪಟೈಟಿಸ್ ಬಿ ಇತ್ತು ಎಂಬುದು ಗಡ್ಡೆ ಕಾಣಿಸಿಕೊಂಡ ಮೇಲೆಯೇ ಗೊತ್ತಾಯಿತು. ಅವರ ತಾಯಿಗೂ ಅದೇ ಸೋಂಕಿತ್ತು. ಹುಟ್ಟುವಾಗಲೇ ಬಂದಿರಬೇಕು ಎಂದರು.

ನಾಪೋಕ್ಲಿನ ತಂಗಿ, ನಿನ್ನ ಅಪ್ಪನಿಗೆ ಮದ್ದು ಬೇರೆಯಾದರೂ ಒಂದು ಮಾತು ತಿಳಿದಿರಲಿ. ಚಿಕಿತ್ಸೆ ಶುರುವಾಗುವ ಮೊದಲು ನಮ್ಮವರಿಗೆ ಎಂಡೋಸ್ಕೋಪಿ ಮಾಡಿಸಬೇಕು ಎಂದಾಗ ನನಗೆ ಸಿಟ್ಟು ಬಂದಿತ್ತು. ಕ್ಯಾನ್ಸರ್ ಇರುವುದು ಯಕೃತ್ತಿನಲ್ಲಿ, ಗಂಟಲಿಗೆ ಕೊಳವೆ ಏಕೆ ಹಾಕುತ್ತಾರೆ, ಬಿಲ್ ಹೆಚ್ಚಿಸಲು ಇರಬೇಕು ಎಂದುಕೊಂಡೆ. ನೋಡಿದರೆ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿ ಒಡೆಯುವಂತಿದ್ದವು. ಬೆವಾಸಿಜುಮ್ಯಾಬ್ ಕೊಟ್ಟರೆ ರಕ್ತಸ್ರಾವವಾಗುವ ಅಪಾಯವಿದೆ ಎಂದು ಹೇಳಿ, ಮೊದಲು ಅವುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಗುಣವಾದ ಮೇಲೆಯೇ ಮದ್ದು ಶುರು ಮಾಡಿದರು. ಹೆಪಟೈಟಿಸ್ ಬಿಗೆ ದಿನವೂ ಒಂದು ಮಾತ್ರೆ ಇದೆ, ಅದನ್ನು ಒಂದು ದಿನವೂ ತಪ್ಪಿಸಬಾರದು ಎಂದಿದ್ದಾರೆ. ನನಗೂ ಇಬ್ಬರು ಮಕ್ಕಳಿಗೂ ಪರೀಕ್ಷೆ ಮಾಡಿಸಿದೆವು. ಮಕ್ಕಳಿಗೆ ಸೋಂಕಿಲ್ಲ. ಆ ವರದಿ ಕೈಗೆ ಬಂದ ದಿನ ಬಸ್ಸಿನಲ್ಲಿ ಕುಳಿತು ಕುಶಾಲನಗರದವರೆಗೂ ಅತ್ತಿದ್ದೇನೆ.

ಮಡಿಕೇರಿಯ ನಿವೃತ್ತ ಪೆಥಾಲಜಿಸ್ಟ್

ನಿಮ್ಮ ವೈದ್ಯರು ಬಹಳ ಸರಿಯಾಗಿ ಮಾಡಿದ್ದಾರೆ. ಇದನ್ನು ಎಲ್ಲರೂ ಗಮನಿಸಬೇಕು. ಹೆಪಾಟೋಸೆಲ್ಯುಲರ್ ಕ್ಯಾನ್ಸರ್ ಇರುವವರಲ್ಲಿ ಬಹುತೇಕರಿಗೆ ಎರಡು ಕಾಯಿಲೆಗಳಿರುತ್ತವೆ: ಒಂದು ಕ್ಯಾನ್ಸರ್, ಇನ್ನೊಂದು ಅದು ಕುಳಿತಿರುವ ಯಕೃತ್ತಿನದೇ ಕಾಯಿಲೆ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯಲ್ಲಿ ನೀರು, ಮಂಪರು ಈ ಐದನ್ನು ನೋಡಿ ಚೈಲ್ಡ್-ಪ್ಯೂ ಎಂಬ ಅಂಕ ಹಾಕುತ್ತಾರೆ. ನಾನು ಮೇಲೆ ಹೇಳಿದ ಪ್ರಯೋಗದಲ್ಲಿ ಸೇರಿಸಿಕೊಂಡದ್ದು ಎ ದರ್ಜೆಯವರನ್ನು, ಅಂದರೆ ಯಕೃತ್ತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನು. ಸಿ ದರ್ಜೆಯ ಯಕೃತ್ತಿಗೆ ಅದೇ ಮದ್ದು ಕೊಟ್ಟು ಅದೇ ಫಲ ನಿರೀಕ್ಷಿಸಲಾಗದು. ಪಕ್ಕದ ಮನೆಯವರಿಗೆ ಕೊಟ್ಟ ಮದ್ದನ್ನು ನಮಗೇಕೆ ಕೊಡಲಿಲ್ಲ ಎಂದು ಕೇಳುವವರಿಗೆ ಅನೇಕ ವೇಳೆ ಉತ್ತರ ಈ ಅಂಕದಲ್ಲಿರುತ್ತದೆ.

ವಿರಾಜಪೇಟೆಯ ಔಷಧ ಅಂಗಡಿಯವರು

ಸೊರಾಫೆನಿಬ್ ಹೆಸರು ಬಂದದ್ದರಿಂದ ಬೆಲೆಯ ಬಗ್ಗೆ ಹೇಳಬೇಕು. ಯಕೃತ್ತಿನ ಕ್ಯಾನ್ಸರಿಗೆ ಆಯುಷ್ಯ ಹೆಚ್ಚಿಸಿದ ಮೊದಲ ಟಾರ್ಗೆಟೆಡ್ ಮಾತ್ರೆ ಅದು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಧ್ಯಾಂಕ 7.9 ತಿಂಗಳಿಂದ 10.7 ತಿಂಗಳಿಗೆ ಏರಿತ್ತು. ಬೇಯರ್ ಕಂಪನಿ ಭಾರತದಲ್ಲಿ ಅದರ ಒಂದು ತಿಂಗಳ 120 ಮಾತ್ರೆಗಳನ್ನು ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚಿನಲ್ಲಿ ಪೇಟೆಂಟ್ ಕಂಟ್ರೋಲರ್ ಅವರು ಪೇಟೆಂಟ್ ಕಾಯ್ದೆಯ 84ನೇ ವಿಧಿಯ ಅಡಿಯಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದವರ ಒಪ್ಪಿಗೆ ಇಲ್ಲದೆಯೂ ಮದ್ದು ತಯಾರಿಸುವ ಅನುಮತಿ, ಕೊಟ್ಟರು, ತಿಂಗಳಿಗೆ 8,880 ರೂಪಾಯಿ ಮೀರಬಾರದು ಎಂಬ ಷರತ್ತಿನೊಂದಿಗೆ. ಭಾರತದಲ್ಲಿ ಅಂಥ ಮೊದಲ ಪರವಾನಗಿ ಅದು. ಎಷ್ಟೋ ಮನೆಗಳು ತೋಟ ಮಾರದೆ ಉಳಿದಿದ್ದರೆ ಅದಕ್ಕೆ ಆ ಆದೇಶ ಕಾರಣವೆಂದು ನಾನು ಮನಸಾರೆ ನಂಬುತ್ತೇನೆ. ಪಿತ್ತನಾಳದ ಕ್ಯಾನ್ಸರಿಗೆ ಬಂದಿರುವ ಹೊಸ ಮಾತ್ರೆಗಳಿಗೆ ಅಂಥ ಭಾಗ್ಯ ಇನ್ನೂ ಬಂದಿಲ್ಲ.

ಸೊರಾಫೆನಿಬ್ ತೆಗೆದುಕೊಳ್ಳುವವರ ಅಂಗೈ ಅಂಗಾಲು ಕೆಂಪಾಗಿ, ದಪ್ಪವಾಗಿ, ಬೊಬ್ಬೆ ಏಳುವುದುಂಟು. ತೋಟದಲ್ಲಿ ಕತ್ತಿ ಹಿಡಿಯುವ, ಗಮ್ ಬೂಟ್ ಹಾಕುವ ಜನ ಅದನ್ನು ಕೆಲಸದ ಗಾಯವೆಂದುಕೊಂಡು ಸುಮ್ಮನಿರುತ್ತಾರೆ. ಹಾಗಿರಬೇಡಿ. ಯೂರಿಯಾ ಇರುವ ಮುಲಾಮು, ಮೆತ್ತನೆಯ ಪಾದರಕ್ಷೆ, ಅಗತ್ಯ ಬಿದ್ದರೆ ಡೋಸ್ ತಗ್ಗಿಸುವುದು, ಇವುಗಳಿಂದ ಚಿಕಿತ್ಸೆಯನ್ನು ನಿಲ್ಲಿಸದೆ ಮುಂದುವರಿಸಬಹುದು. ಆದರೆ ವೈದ್ಯರಿಗೆ ಹೇಳಿದರೆ ಮಾತ್ರ.

ಮಡಿಕೇರಿಯ ಯುವಕ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ತಾಯಿಗೂ ಪಿತ್ತನಾಳದ ಕ್ಯಾನ್ಸರ್ ಇತ್ತು. ಹತ್ತಾರು ಸಾವಿರ ರೂಪಾಯಿ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆವು. ಬಹಳ ಪುಟಗಳ ವರದಿ ಬಂತು, ಕೊನೆಗೆ ಮದ್ದು ಇರುವ ಒಂದು ಬದಲಾವಣೆಯೂ ಸಿಗಲಿಲ್ಲ. ಆ ವರದಿಗಾಗಿ ಕಾದು ಕೀಮೋ ಕೂಡ ತಡವಾಯಿತು. ಸಿಕ್ಕಿದ್ದರೂ ಆ ಮಾತ್ರೆಯ ಬೆಲೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಸುಮ್ಮನೆ ಆಸೆ ಹುಟ್ಟಿಸುವ ಪರೀಕ್ಷೆಯನ್ನು ಎಲ್ಲರಿಗೂ ಬರೆದುಕೊಡುವುದು ಸರಿಯೇ?

ಮಡಿಕೇರಿಯ ನಿವೃತ್ತ ಪೆಥಾಲಜಿಸ್ಟ್

ತಾಯಿಯನ್ನು ಕಳೆದುಕೊಂಡ ನಿಮ್ಮ ನೋವಿನ ಮುಂದೆ ಅಂಕಿಅಂಶ ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೂ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ನೇರವಾಗಿಯೇ ಉತ್ತರಿಸಬೇಕು.

ಪರೀಕ್ಷೆಗಾಗಿ ಕೀಮೋವನ್ನು ತಡಮಾಡಬಾರದಿತ್ತು. ಹರಡಿರುವ ಪಿತ್ತನಾಳದ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಜೀನ್ ವರದಿಯನ್ನು ಸಾಮಾನ್ಯವಾಗಿ ಕಾಯುವುದಿಲ್ಲ. 2010ರಿಂದ ಜೆಮ್ಸಿಟಬಿನ್ ಮತ್ತು ಸಿಸ್‌ಪ್ಲಾಟಿನ್ ಜೋಡಿಯೇ ಅದರ ಅಡಿಪಾಯ. 2022ರಲ್ಲಿ ಅದಕ್ಕೆ ಡುರ್ವಾಲುಮ್ಯಾಬ್ ಎಂಬ, ಪಿಡಿ-ಎಲ್1 ತಡೆಯುವ ಮದ್ದು ಸೇರಿತು. ಮಧ್ಯಾಂಕವನ್ನು ಮಾತ್ರ ನೋಡಿದರೆ 11.5 ತಿಂಗಳು 12.8 ಆಯಿತು, ಇಷ್ಟೇನೇ ಎನಿಸುತ್ತದೆ. ಆದರೆ ಎರಡು ವರ್ಷದ ನಂತರ ಬದುಕಿದ್ದವರ ಅಂದಾಜು ನೋಡಿದರೆ, ಕೀಮೋ ಮಾತ್ರ ಪಡೆದವರಲ್ಲಿ ನೂರಕ್ಕೆ ಹತ್ತು, ಮೂರನೆಯ ಮದ್ದೂ ಸೇರಿದವರಲ್ಲಿ ಸುಮಾರು ಇಪ್ಪತ್ತೈದು. ಅಂದರೆ ಬಹಳ ಜನರಿಗೆ ಲಾಭ ಕಡಿಮೆ, ಕೆಲವರಿಗೆ ಬಹಳ. ಆ ಕೆಲವರು ಯಾರೆಂದು ಮೊದಲೇ ಹೇಳುವ ಪರೀಕ್ಷೆ ಇಲ್ಲದಿರುವುದೇ ಈ ಕ್ಷೇತ್ರದ ದೊಡ್ಡ ಕೊರತೆ ಎಂದು ನನಗನಿಸುತ್ತದೆ.

ಇನ್ನು ಜೀನ್‌ಗಳ ವಿಷಯ. ಯಕೃತ್ತಿನ ಒಳಗೇ ಹುಟ್ಟಿದ ಪಿತ್ತನಾಳದ ಕ್ಯಾನ್ಸರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಲ್ಲಿ ಎಫ್‌ಜಿಎಫ್‌ಆರ್2 ಎಂಬ ಜೀನ್ ಬೇರೊಂದು ಜೀನಿನೊಂದಿಗೆ ಬೆಸೆದುಕೊಂಡಿರುತ್ತದೆ. ಅದನ್ನು ತಡೆಯುವ ಪೆಮಿಗಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಅಂಥ ಬೆಸುಗೆ ಇದ್ದವರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. ಕೀಮೋ ವಿಫಲವಾದ ಮೇಲೆ ಅಷ್ಟು ಫಲ ಕಾಣುವುದು ಈ ರೋಗದಲ್ಲಿ ಅಪರೂಪ. ಕಾಲಕ್ರಮೇಣ ಕ್ಯಾನ್ಸರ್ ಅದೇ ಜೀನಿನಲ್ಲಿ ಹೊಸ ಬದಲಾವಣೆ ಮಾಡಿಕೊಂಡು ಮದ್ದಿನಿಂದ ತಪ್ಪಿಸಿಕೊಳ್ಳುತ್ತದೆ. ಅಂಥವುಗಳಲ್ಲಿ ಕೆಲವನ್ನು ಹಿಡಿಯಬಲ್ಲ ಫ್ಯೂಟಿಬಾಟಿನಿಬ್ 2022ರಲ್ಲಿ ಬಂತು. ಇನ್ನೊಂದು ಐಡಿಎಚ್1. ಈ ಜೀನ್ ಕೆಟ್ಟಾಗ ಕೋಶದಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತು ತುಂಬಿಕೊಳ್ಳುತ್ತದೆ. ಅದು ಕೋಶವನ್ನು ಬಲಿಯಲು ಬಿಡುವುದಿಲ್ಲ, ಹೊರಗೆ ಸೋರಿ ಸುತ್ತಲಿನ ಟಿ ಕೋಶಗಳನ್ನೂ ದುರ್ಬಲಗೊಳಿಸುತ್ತದೆ. ಒಂದೇ ಜೀನಿನ ದೋಷ ಬೀಜವನ್ನೂ ಕೆಡಿಸಿ ಮಣ್ಣನ್ನೂ ಕೆಡಿಸುವುದು ಹೀಗೆ. ಇದಕ್ಕೆ ಐವೊಸಿಡೆನಿಬ್ ಮಾತ್ರೆ ಇದೆ. ಅದರಿಂದ ಗಡ್ಡೆ ಕುಗ್ಗುವುದು ಕಡಿಮೆ, ಬೆಳವಣಿಗೆ ನಿಧಾನವಾಗುವುದೇ ಹೆಚ್ಚು. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ 1.4 ತಿಂಗಳಿಂದ 2.7 ತಿಂಗಳಿಗೆ ಏರಿತು. ಇದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಹೆರ್2 ಎಂಬ ಪ್ರೋಟೀನ್ ಹೆಚ್ಚಾಗಿರುವುದು ಪಿತ್ತಕೋಶದ ಮತ್ತು ಹೊರನಾಳದ ಕ್ಯಾನ್ಸರುಗಳಲ್ಲಿ ಹೆಚ್ಚು. ಅದಕ್ಕಾಗಿ ಜಾನಿಡಾಟಮ್ಯಾಬ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಈಗ ನಿಮ್ಮ ಪ್ರಶ್ನೆ. ಹೌದು, ಪರೀಕ್ಷಿಸಿದವರಲ್ಲಿ ಬಹಳಷ್ಟು ಜನರಿಗೆ ಬಳಸಲಾಗುವಂಥದ್ದು ಏನೂ ಸಿಗುವುದಿಲ್ಲ. ಆದರೂ ಯಕೃತ್ತಿನ ಒಳಗಿನ ಪಿತ್ತನಾಳದ ಕ್ಯಾನ್ಸರಿನಲ್ಲಿ ಸಿಗುವ ಸಾಧ್ಯತೆ ಉಳಿದ ಅನೇಕ ಕ್ಯಾನ್ಸರುಗಳಿಗಿಂತ ಹೆಚ್ಚು. ಆದ್ದರಿಂದ ಆ ರೋಗಿಗಳಿಗೆ ಪರೀಕ್ಷೆ ಮಾಡಿಸುವುದು ಸರಿ ಎಂದೇ ನನ್ನ ನಿಲುವು. ಕೀಮೋ ನಡೆಯುತ್ತಿರುವಾಗಲೇ ಮಾಡಿಸಿ. ಕೈಯಲ್ಲಿ ಹಣವಿಲ್ಲದಿದ್ದರೆ ವೈದ್ಯರಿಗೆ ಹಾಗೆಂದು ಹೇಳಿ, ಈ ಮೂರು ನಾಲ್ಕು ಜೀನ್‌ಗಳನ್ನಷ್ಟೇ ನೋಡುವ ಸಣ್ಣ ಪರೀಕ್ಷೆಗಳಿವೆಯೇ ಎಂದು ಕೇಳಿ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಯಾವ ಮದ್ದು ಅದರೊಳಗೆ ಬರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಮಡಿಕೇರಿಯ ಯುವಕ

ಇಷ್ಟು ಬಿಡಿಸಿ ಅಂದು ಯಾರೂ ಹೇಳಿರಲಿಲ್ಲ. ಧನ್ಯವಾದ, ಡಾಕ್ಟರಮ್ಮ.

ವೇದಿಕೆಯ ನಿರ್ವಾಹಕರು

ದಯವಿಟ್ಟು ಆಸ್ಪತ್ರೆಗಳ ಮೇಲಿನ ದೂರು ಬರೆಯುವಾಗ ಹೆಸರು ಹಾಕಬೇಡಿ, ಫೋನ್ ನಂಬರ್ ಹಾಕಬೇಡಿ. ಕ್ಯಾನ್ಸರ್ ಗುಣಪಡಿಸುವ ಬೇರು, ಕಷಾಯಗಳ ಜಾಹೀರಾತು ಹಾಕಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ.

ಸೋಮವಾರಪೇಟೆಯ ಬೆಳೆಗಾರ

ಕಾಫಿ ಕುಡಿಯುವವರಿಗೆ ಯಕೃತ್ತಿನ ಕ್ಯಾನ್ಸರ್ ಕಡಿಮೆ ಎಂದು ಎಲ್ಲಿಯೋ ಓದಿದ ನೆನಪು. ಕಾಫಿ ಬೆಳೆಯುವವನು ಕೇಳುತ್ತಿದ್ದೇನೆಂದು ತಪ್ಪು ತಿಳಿಯಬೇಡಿ, ಅದರಲ್ಲಿ ನಿಜವೆಷ್ಟು? ನಮ್ಮ ಮನೆಗಳಲ್ಲಿ ಬೆಲ್ಲದ ಕಾಫಿ ದಿನಕ್ಕೆ ನಾಲ್ಕೈದು ಬಾರಿ ಆಗುತ್ತದೆ.

ಪೊನ್ನಂಪೇಟೆಯ ಜೀವಶಾಸ್ತ್ರ ಶಿಕ್ಷಕ

ನಿಜವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2016ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದಾಗ, ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಡಿಮೆ ಇರುವುದು ಕಂಡುಬಂತು. ಅದೇ ವರದಿ 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲವುಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಒಲೆಯಿಂದ ಇಳಿಸಿದ ಕೂಡಲೇ ಕುಡಿಯಬೇಡಿ. ಕಾಫಿ ಬಂದಿರುವ ಕ್ಯಾನ್ಸರಿಗೆ ಮದ್ದಲ್ಲ, ಮದ್ಯದಿಂದ ಆಗುವ ಹಾನಿಗೆ ಪರಿಹಾರವೂ ಅಲ್ಲ. ನಮ್ಮ ಮದುವೆ, ಹಬ್ಬಗಳಲ್ಲಿ ಮದ್ಯಕ್ಕೆ ಇರುವ ಸ್ಥಾನವನ್ನು ನಾನು ಬಲ್ಲೆ. ಆದರೆ ಸಿರೋಸಿಸ್ ಇದೆ ಎಂದು ತಿಳಿದವರಿಗೆ ಒತ್ತಾಯ ಮಾಡಿ ಲೋಟ ತುಂಬಿಸುವುದನ್ನು ನಾವು ನಿಲ್ಲಿಸಲೇಬೇಕು.

ತಡೆಯಬಹುದಾದದ್ದು ಇನ್ನೊಂದಿದೆ. ಹೆಪಟೈಟಿಸ್ ಬಿ ಲಸಿಕೆ 2011ರಿಂದ ದೇಶದಾದ್ಯಂತ ಮಕ್ಕಳ ಲಸಿಕಾ ಕಾರ್ಯಕ್ರಮದಲ್ಲಿದೆ. ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ತೈವಾನ್ 1984ರಲ್ಲಿಯೇ ನವಜಾತ ಶಿಶುಗಳಿಗೆ ಈ ಲಸಿಕೆ ಆರಂಭಿಸಿತು, ಅಲ್ಲಿ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಸ್ಪಷ್ಟವಾಗಿ ಇಳಿಯಿತು. ದೊಡ್ಡವರಿಗೆ ಬಿ ಮತ್ತು ಸಿ ಸೋಂಕಿನ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನಾಪೋಕ್ಲಿನ ಮಗಳು

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ. ಡಾಕ್ಟರಮ್ಮ ಬರೆದದ್ದನ್ನು ಓದಿದ ಮೇಲೆ ಎರಡನೆಯ ಬಯಾಪ್ಸಿಗೆ ಹೋಗುವಾಗ, ಜೀನ್ ಪರೀಕ್ಷೆಗೂ ಸಾಕಾಗುವಷ್ಟು ತೆಗೆಯಿರಿ ಎಂದು ನಾವೇ ಬಾಯಿಬಿಟ್ಟು ಕೇಳಿದೆವು. ಸೂಜಿಯಲ್ಲಿ ನಾಲ್ಕು ಎಳೆ ತೆಗೆದರು. ಕೀಮೋ ಅದಕ್ಕಾಗಿ ಕಾಯಲಿಲ್ಲ. ಮೂರು ಮದ್ದುಗಳನ್ನೂ ಸೇರಿಸಿ ಕೊಡುತ್ತಿದ್ದಾರೆ, 21 ದಿನದ ಸುತ್ತಿನಲ್ಲಿ ಮೊದಲ ಮತ್ತು ಎಂಟನೆಯ ದಿನ ಹೋಗಬೇಕು. ಮೂರು ಸುತ್ತು ಮುಗಿದಿದೆ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಭಾರವಾದ್ದರಿಂದ ಅಪ್ಪ ಬಾಟಲಿಯ ಮೇಲೆ ಗೆರೆ ಹಾಕಿಕೊಂಡು ನೀರು ಕುಡಿಯುತ್ತಾರೆ. ಒಮ್ಮೆ ಸ್ಟೆಂಟ್ ಕಟ್ಟಿಕೊಂಡು ನಡುಕದ ಜ್ವರ ಬಂದಿತ್ತು. ಅದೇ ರಾತ್ರಿ ಮೈಸೂರಿಗೆ ಕರೆದೊಯ್ದದ್ದರಿಂದ ಉಳಿದರು.

ಜೀನ್ ವರದಿ ಬಂದಿದೆ. ಎಫ್‌ಜಿಎಫ್‌ಆರ್2 ಬೆಸುಗೆ ಇಲ್ಲ, ಐಡಿಎಚ್1 ಬದಲಾವಣೆ ಇದೆ. ಈಗಿನ ಮದ್ದು ಕೆಲಸ ಮಾಡುವವರೆಗೆ ಅದನ್ನೇ ಮುಂದುವರಿಸಿ, ಆಮೇಲೆ ಐವೊಸಿಡೆನಿಬ್ ಬಗ್ಗೆ ಮಾತಾಡೋಣ ಎಂದಿದ್ದಾರೆ. ಅದು ಎಷ್ಟು ಕೊಡುತ್ತದೆ, ಎಷ್ಟು ಕೊಡುವುದಿಲ್ಲ ಎಂಬುದನ್ನು ಇಲ್ಲಿ ಓದಿದ್ದರಿಂದ ಅಪ್ಪನಿಗೂ ಹಾಗೆಯೇ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಈ ಸಲ ಮೆಣಸು ಕೊಯ್ಯುವ ಹೊತ್ತಿಗೆ ಇರುತ್ತೇನಲ್ಲ ಎಂದರು. ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿಲ್ಲ, ಸ್ವಲ್ಪ ಕುಗ್ಗಿದೆ.

ಉಳಿದ ಬಯಾಪ್ಸಿಯ ಬ್ಲಾಕನ್ನು ನಮ್ಮ ಕೈಗೆ ವಾಪಸ್ ಕೊಟ್ಟಿದ್ದಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ, ಬಿಳಿ ಮೇಣದೊಳಗೆ ನೂಲಿನ ತುಂಡುಗಳಂತೆ ಕಾಣುವ ನಾಲ್ಕು ಎಳೆ. ಮುಂದೆ ಬೇಕಾಗಬಹುದು, ಜೋಪಾನ ಎಂದರು. ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಬಾರದೆಂದು ಅಮ್ಮ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಇಡುವ ಡಬ್ಬಿಯಲ್ಲಿ ಇಟ್ಟಿದ್ದಾರೆ. ಅಲ್ಲಿ ಇಡಬಹುದೇ?

ಮಡಿಕೇರಿಯ ನಿವೃತ್ತ ಪೆಥಾಲಜಿಸ್ಟ್

ಈಗಲೇ ಕೆಳಗೆ ಇಳಿಸಿರಮ್ಮ. ಆ ಮೇಣ ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅಟ್ಟದ ಕಾವಿಗೆ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಒಣಗಿದ ಚಿಕ್ಕ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಬಿಸಿಲು ಮತ್ತು ಒಲೆ ಎರಡರಿಂದಲೂ ದೂರವಿರುವ ಬೀರುವಿನಲ್ಲಿಡಿ. ಪೆನ್ಸಿಲಿನ ಸಂಖ್ಯೆಯನ್ನು ಅಪ್ಪನ ಫೈಲಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮುಂದಿನ ಬಾರಿ ಹೋದಾಗ ಬ್ಲಾಕ್ ನಿಮ್ಮ ಬಳಿ ಇದೆ ಎಂದು ವೈದ್ಯರ ಫೈಲಿನಲ್ಲಿಯೂ ಬರೆಸಿ.

ನಾಪೋಕ್ಲಿನ ಮಗಳು

ಇಳಿಸಿದೆವು. ಮೇಣ ಕರಗಿಲ್ಲ, ನಾಲ್ಕು ಎಳೆಗಳೂ ಹಾಗೆಯೇ ಇವೆ.